ಲಗ್ನಪತ್ರಿಕೆಯಲ್ಲಿ ಓದಲಿಕ್ಕೆ ಏನಿದೆ?

ಬೆಂಗಳೂರಿನ ಚಿಕ್ಕಪೇಟೆ, ಸುಲ್ತಾನ್‌ಪೇಟೆಯ ಕಾರ್ಡಿನಂಗಡಿಗಳಲ್ಲಿ ಲಗ್ನಪತ್ರಿಕೆ ಆರಿಸುವುದೆಂದರೆ ಹೆಚ್ಚುಕಡಿಮೆ ಸೀರೆ ಆರಿಸಿದಂತೆಯೇ. ಮಾದರಿಗಳನ್ನು ಮುಂದೆ ಹರವುತ್ತಾರೆ. ಬಂದವರು ಕಾಗದದ ದಪ್ಪ ಮುಟ್ಟಿ ನೋಡುತ್ತಾರೆ, ಉಬ್ಬಚ್ಚಿನ ಗಣಪತಿಯ ಮೇಲೆ ಬೆರಳಾಡಿಸುತ್ತಾರೆ, ನೂರಕ್ಕೆ ಎಷ್ಟೆಂದು ಚೌಕಾಸಿ ಮಾಡುತ್ತಾರೆ. ಒಳಗೆ ಅಚ್ಚಾಗುವ ಕನ್ನಡದ ವಿಷಯ ಬರುವುದು ಕಟ್ಟಕಡೆಗೆ, ಅಡ್ವಾನ್ಸ್ ಕೈಸೇರಿದ ಮೇಲೆ: "ಮ್ಯಾಟರ್ ವಾಟ್ಸ್‌ಆ್ಯಪ್ ಮಾಡಿಬಿಡಿ ಸರ್." ನಮ್ಮ ಸ್ಟೈಲಿಶ್ ಪತ್ರಿಕೆಗಳು ಕೆಡುವುದು ಇಲ್ಲೇ.

ನಾಲ್ಕು ಮೂಲೆಗೆ ಅರಿಸಿನ ಹಚ್ಚಿದ ಹಳೆಯ ಒಂಟಿ ಹಾಳೆಯನ್ನು ಯಾರೂ ಚೆಲುವೆನ್ನಲಾರರು. ಗುಲಾಬಿ ಕಾಗದ, ಕೆಂಪು ಮಸಿ, ಅಂಚಿಗೆ ಬಳ್ಳಿ. ಆದರೆ ಕಣ್ಣಿಗೆ ದಾರಿ ತೋರಿಸುವುದು ಅದಕ್ಕೆ ಗೊತ್ತಿತ್ತು. ನೆತ್ತಿಯಲ್ಲಿ ಮನೆದೇವರು ಪ್ರಸನ್ನ, ಕೆಳಗೆ ಸಂವತ್ಸರ, ಮಾಸ, ತಿಥಿ, ಪಕ್ಕದಲ್ಲೇ ತಾರೀಖು. ಚಿ॥ ರಾ॥, ಚಿ॥ ಸೌ॥ ಹೆಸರುಗಳು ಮಾತ್ರ ದಪ್ಪ ಮೊಳೆಯಲ್ಲಿ. ತಳದಲ್ಲಿ ಸುಖಾಗಮನ ಬಯಸುವ ನೆಂಟರ ಸಾಲು. (ಆ ಸಾಲಿನಿಂದ ಒಬ್ಬ ಸೋದರಮಾವ ಬಿಟ್ಟುಹೋದರೆ ಆಗುವ ರಂಪವನ್ನು ಯಾವ ವಿನ್ಯಾಸವೂ ತಡೆಯಲಾರದು.)

ಆಮೇಲೆ ಬಂದದ್ದು ಶಿವಕಾಶಿಯ ಕಾರ್ಡು. ಚಿತ್ತಾರ, ಬಣ್ಣ, ಮಡಿಕೆ ಎಲ್ಲ ಅಲ್ಲಿ ಮುಗಿದು, ಖಾಲಿ ಜಾಗ ನಮ್ಮೂರಿನ ಪ್ರೆಸ್ಸಿಗೆ ಬರುತ್ತದೆ. ಚಿತ್ತಾರ ಬಿಡಿಸಿದವನಿಗೆ ಆ ಜಾಗದಲ್ಲಿ ಯಾವ ಭಾಷೆ ಕೂರುತ್ತದೆಂದು ಗೊತ್ತಿಲ್ಲ. ಅಕ್ಷರ ಜೋಡಿಸುವವನಿಗೆ ಜಾಗ ಹಿಗ್ಗಿಸುವ ಅಧಿಕಾರವಿಲ್ಲ. ಎರಡು ಮನೆತನದ ಹೆಸರು, ಮುಹೂರ್ತ, ಛತ್ರದ ವಿಳಾಸ ಎಲ್ಲವೂ ಆ ಚೌಕಟ್ಟಿನೊಳಗೆ ಉಸಿರು ಬಿಗಿಹಿಡಿದು ನಿಲ್ಲಬೇಕು.

ಈಗಿನ ಸರಳ ಶೈಲಿ ಇದಕ್ಕೆ ಉತ್ತರವಾಗಬಹುದಿತ್ತು. ಕೆನೆಬಣ್ಣದ ಹಾಳೆ, ಒಂದೆರಡು ಜಲವರ್ಣದ ಎಲೆ, ಸುತ್ತ ಧಾರಾಳ ಜಾಗ, ನನಗೆ ಇಷ್ಟವೇ. ತೊಡಕು ಏನೆಂದರೆ ಈ ಅಳತೆಗಳೆಲ್ಲ ರೋಮನ್ ಲಿಪಿಯ ಬಳುಕಿಗೆ ಹೊಂದಿಸಿದವು. ಕನ್ನಡ ಕೆಳಕ್ಕೂ ಬೆಳೆಯುವ ಲಿಪಿ. 'ಲಕ್ಷ್ಮಿ' ಎಂದು ಬರೆದು ನೋಡಿ, ಒತ್ತಿನ ಕೆಳಗೆ ಇನ್ನೊಂದು ಒತ್ತು. ಇಂಗ್ಲಿಷಿಗೆ ಸಾಕಾದ ಸಾಲಂತರ ಕೊಟ್ಟರೆ ಆ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಚಿನ್ನದ ಫಾಯಿಲ್‌ನಲ್ಲಿ ಸಣ್ಣಗೆ ಅಚ್ಚು ಹಾಕಿದರೆ ಅಕ್ಷರದ ಹೊಟ್ಟೆ ತುಂಬಿ ಬ ಯಾವುದು, ಭ ಯಾವುದು ತಿಳಿಯದು. ಇನ್ನು ಕೆಲವು ತಂತ್ರಾಂಶಗಳಲ್ಲಿ ಸರಿಯಾದ ಆಯ್ಕೆ ಒತ್ತದಿದ್ದರೆ ಒತ್ತಕ್ಷರಗಳೇ ಕಳಚಿ, ವಧುವಿನ ಹೆಸರೇ ಮುರಿದುಬೀಳುತ್ತದೆ. ಅದನ್ನು ಹಾಗೆಯೇ ಅಚ್ಚು ಹಾಕಿಸಿ ಊರಿಗೆಲ್ಲ ಹಂಚಿದವರಿದ್ದಾರೆ.

ಹಳೇ ಮೈಸೂರಿನ ಕಡೆ ಆರತಕ್ಷತೆ ಸಾಮಾನ್ಯವಾಗಿ ಹಿಂದಿನ ದಿನ ಸಂಜೆ, ಧಾರೆ ಮರುದಿನ ಬೆಳಿಗ್ಗೆ. ಅತಿಥಿ ಪತ್ರಿಕೆಯಲ್ಲಿ ಹುಡುಕುವುದು ಈ ಎರಡು ಹೊತ್ತನ್ನೇ. ಎರಡು ತಾರೀಖನ್ನೂ ಒಂದೇ ತೆಳು ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಇಟ್ಟ ಕಾರ್ಡು ನೋಡಲು ಎಷ್ಟೇ ನಾಜೂಕಾಗಿದ್ದರೂ ಕೆಟ್ಟ ಕಾರ್ಡು.

ಪೆಟ್ಟಿಗೆ ಕಾರ್ಡುಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2016ರಲ್ಲಿ ಗಣಿ ಉದ್ಯಮಿ, ಮಾಜಿ ಸಚಿವ ಗಾಲಿ ಜನಾರ್ದನ ರೆಡ್ಡಿ ಮಗಳ ಮದುವೆಗೆ ಮುಚ್ಚಳ ತೆರೆದರೆ ಎಲ್‌ಸಿಡಿ ಪರದೆಯಲ್ಲಿ ಮನೆಯವರೇ ಹಾಡಿನೊಂದಿಗೆ ಕಾಣಿಸಿಕೊಂಡು ಕರೆಯುವ ಪೆಟ್ಟಿಗೆ ಹಂಚಿದರು. ದುಡ್ಡಿನ ಆಡಂಬರವೆಂದು ಜನ ಜರೆದರು, ಸರಿ. ಆದರೆ ಪೆಟ್ಟಿಗೆ ದೊಡ್ಡದಾದಷ್ಟೂ ಅಕ್ಷರ ಚಿಕ್ಕದಾಗುವ ಚಾಳಿ ಡ್ರೈಫ್ರೂಟ್ ತುಂಬಿಸಿ ಕಳಿಸುವ ಮಧ್ಯಮವರ್ಗದ ಪೆಟ್ಟಿಗೆಗಳಲ್ಲೂ ಇದೆ.

ನಿಜಕ್ಕೂ ಹೊಸ ವಿನ್ಯಾಸ ಹುಟ್ಟುವುದು ಒಳಗಿನ ಮಾತು ಬದಲಾದಾಗ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದಂತೆ ನಡೆಸಿದರು. ಆ ಕ್ರಮದಲ್ಲಿ ಮುಹೂರ್ತವಿಲ್ಲ, ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ. ಅಂಥ ಮದುವೆಗೆ ಕರೆಯಲು ಪರಿಚಿತರಿಗೆ ಬರೆದ ಕಾಗದದಂತೆ ನಾಲ್ಕು ವಾಕ್ಯ ಸಾಕು. ಬಳ್ಳಿ, ಕಳಶ, ಗಣಪತಿ ತಾವಾಗಿಯೇ ಉದುರುತ್ತವೆ. ತಿಥಿ ನಕ್ಷತ್ರ ಬೇಕೆನ್ನುವವರು ಅವನ್ನು ಧೈರ್ಯವಾಗಿ, ದೊಡ್ಡದಾಗಿ ಹಾಕಿಸಲಿ, ಬೇಡವೆನ್ನುವವರು ತೆಗೆಯಲಿ. ಹಾಕಿಯೂ ಅಡಗಿಸುವುದು ಯಾಕೆ?

ಅಂಗಡಿಗೆ ಹೋಗುವ ಮೊದಲೇ ಮ್ಯಾಟರ್ ಬರೆದಿಟ್ಟುಕೊಂಡಿರಬೇಕು. ಹೋದಮೇಲೆ ಖಾಲಿ ಕಾರ್ಡು ಬೇಡ, ಕನ್ನಡದಲ್ಲಿ ಅಚ್ಚಾದದ್ದನ್ನೇ ತೋರಿಸಿ ಎನ್ನಬೇಕು. ಅಂಗಡಿಯವರು ಒಳಗೆ ಹೋಗಿ ಸ್ವಲ್ಪ ಹೊತ್ತು ಹುಡುಕುತ್ತಾರೆ, ಹುಡುಕಲಿ.