ಮಹಲಿನಲ್ಲಿ ನವ್ಯಚಿತ್ರ

ಕಾವ್ಯದ ಮುಂದೆ ನಮ್ಮ ರಸಿಕರಿಗೆ ಮಾತಿಗೆ ಬರವಿಲ್ಲ. ರಸ, ಧ್ವನಿ, ವಕ್ರತೆ, ಔಚಿತ್ಯಗಳು ನಾಲಗೆಯ ತುದಿಯಲ್ಲಿಯೇ ಇರುತ್ತವೆ. ಸಂಗೀತ ಕಚೇರಿಯಿಂದ ಹೊರಬಂದವನೂ ಶ್ರುತಿ ಸೇರಲಿಲ್ಲ, ತಾನ ಹೆಚ್ಚಾಯಿತು ಎಂದು ಎರಡು ಮಾತು ಹೇಳಬಲ್ಲ. ಅದೇ ರಸಿಕನನ್ನು ಒಂದು ಚಿತ್ರದ ಮುಂದೆ ನಿಲ್ಲಿಸಿ ನೋಡಿ. “ಚೆನ್ನಾಗಿದೆ” ಎನ್ನುತ್ತಾನೆ, ಇಲ್ಲವೆ “ಇದರ ಅರ್ಥವೇನು?” ಎಂದು ಕೇಳುತ್ತಾನೆ. ಮೊದಲನೆಯದು ವಿಮರ್ಶೆಯಲ್ಲ, ಎರಡನೆಯದು ಸಾಹಿತ್ಯದ ತರಗತಿಯಿಂದ ಎರವಲು ತಂದ ಪ್ರಶ್ನೆ. ಈ ಎರಡರ ನಡುವೆ ಇರಬೇಕಾದ ಮಾತುಗಳೆಲ್ಲ ಎಲ್ಲಿ ಹೋದುವು? ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾಸಂಗ್ರಹಾಲಯದಲ್ಲಿ ಒಂದು ಇಡೀ ದಿನ ಕಳೆದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಇದು.

ಸಂಗ್ರಹಾಲಯವಿರುವುದು ಮಾಣಿಕ್ಯವೇಲು ಮಹಲಿನಲ್ಲಿ. ಸುಮಾರು ನೂರು ವರ್ಷದ ಈ ಕಟ್ಟಡ ಹಿಂದೆ ಮೈಸೂರು ಯುವರಾಜರಿಗೆ ಸೇರಿದ್ದಿತೆಂದು ಹೇಳುತ್ತಾರೆ. ಅನಂತರ ಇದು ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳ ಒಡೆಯರಾದ ಮಾಣಿಕ್ಯವೇಲು ಮೊದಲಿಯಾರರ ಮನೆಯಾಯಿತು. ಮುಂದೆ ಸರಕಾರದ ಕೈಸೇರಿ, ಗೃಹಮಂಡಳಿಯ ಸ್ವಾಧೀನದಲ್ಲಿದ್ದು, 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆಗೆ ಗೇಣಿಯ ಮೇಲೆ ದೊರೆಯಿತು. ಮಹಲನ್ನು ದುರಸ್ತಿ ಮಾಡಿ, ಹಿಂದುಗಡೆ ಹೊಸ ಗ್ಯಾಲರಿಯನ್ನು ಕಟ್ಟಿ, 2009ರ ಫೆಬ್ರುವರಿ 18ರಂದು ಬಾಗಿಲು ತೆರೆದರು. ದಿಲ್ಲಿಯಲ್ಲಿ ಈ ಸಂಸ್ಥೆ ಹುಟ್ಟಿದುದು 1954ರಲ್ಲಿ, ಜಯಪುರದ ಮಹಾರಾಜರಿಗಾಗಿ ಕಟ್ಟಿದ ಜೈಪುರ ಹೌಸಿನಲ್ಲಿ. ಮುಂಬಯಿಯ ಶಾಖೆ 1996ರಲ್ಲಿ ತೆರೆದುದು ಕಾವಸ್‌ಜಿ ಜಹಾಂಗೀರ್ ಹಾಲಿನಲ್ಲಿ. ಮೂರೂ ಕಡೆ ಹೊಸ ಕಲೆ ಹಳೆಯ ಕಟ್ಟಡದಲ್ಲಿಯೇ ಬಿಡಾರ ಹೂಡಿದೆ. ಇದರಲ್ಲಿ ಅನುಕೂಲದ ಲೆಕ್ಕವೇ ಮುಖ್ಯವಾಗಿದ್ದೀತು. ಆದರೂ ನೋಡುವವನ ಮನಸ್ಸಿನ ಮೇಲೆ ಇದರಿಂದ ಆಗುವ ಪರಿಣಾಮವನ್ನು ಅಲಕ್ಷಿಸುವಂತಿಲ್ಲ.

ಮೊದಲು ತೋಟವನ್ನೇ ತೆಗೆದುಕೊಳ್ಳಿ. ಮೂರೂವರೆ ಎಕರೆಯ ಆವರಣದಲ್ಲಿ ದೊಡ್ಡ ಮರಗಳನ್ನು ಉಳಿಸಿಕೊಂಡಿದ್ದಾರೆ, ನೀರಿನ ಕೊಳವಿದೆ, ಹುಲ್ಲಿನ ನಡುವೆ ಶಿಲ್ಪಗಳಿವೆ. ಹೊರಗಿನ ರಸ್ತೆಯ ಗದ್ದಲ ಹತ್ತು ಹೆಜ್ಜೆಯೊಳಗೆ ಅಡಗುತ್ತದೆ. ಕೃಷ್ಣೆಯ ದಂಡೆಯ ಗಲಗಲಿಯಿಂದ ಹೊರಟು ರಾತ್ರಿಯಿಡೀ ಪ್ರಯಾಣ ಮಾಡಿ ಬಂದವನಿಗೆ ಈ ನೆರಳು ಎಷ್ಟು ಹಿತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಲ್ಲಿಗೆ ಬರುವವರಲ್ಲಿ ಬಹಳ ಮಂದಿ ಮರದ ಕೆಳಗೆ ಕುಳಿತು, ಕಾಫಿ ಕುಡಿದು, ಒಳಗೆ ಕಾಲಿಡದೆಯೇ ಹೋಗುತ್ತಾರೆ. ಅವರನ್ನು ಹಳಿಯುವ ಮನಸ್ಸು ನನಗಿಲ್ಲ. ಮರದ ಕೆಳಗೆ ಕೂಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ಮಹಲಿನ ಮೆಟ್ಟಿಲು ಹತ್ತುವಾಗ ಮಾತ್ರ “ನಾವು ಇಲ್ಲಿಗೆ ತಕ್ಕವರೋ ಅಲ್ಲವೋ” ಎಂಬ ಅಳುಕು ನಮ್ಮವರಿಗೆ ಇಂದಿಗೂ ತಪ್ಪಿಲ್ಲ. ಜಮಖಂಡಿಯ ಪಟವರ್ಧನರ ಸಂಸ್ಥಾನ 1948ರಲ್ಲಿ ವಿಲೀನವಾಯಿತು. ಆದರೂ ರಾಮತೀರ್ಥದ ಗುಡ್ಡದ ಮೇಲಿನ ಅರಮನೆಯನ್ನು ನೋಡುವಾಗ ನಮ್ಮ ಕಡೆಯ ಹಿರಿಯರು ತಮಗರಿಯದೆಯೇ ದನಿ ತಗ್ಗಿಸುವುದನ್ನು ನಾನು ಕಂಡಿದ್ದೇನೆ. ಆ ತಗ್ಗಿದ ದನಿಯೇ ಮಾಣಿಕ್ಯವೇಲು ಮಹಲಿನೊಳಗೂ ಕೇಳಿಸುತ್ತದೆ. ಗುಡಿಯಲ್ಲಿ ಗಂಟೆ ಬಾರಿಸಿ ಗಟ್ಟಿಯಾಗಿ ಹಾಡುವ ಜನ ಚಿತ್ರದ ಮುಂದೆ ಪಿಸುಗುಟ್ಟುತ್ತಾರೆ.

ಹಳೆಯ ಮನೆಗೆ ಹೊಸ ಕಟ್ಟಡವನ್ನು ಸೇರಿಸಿದ ರೀತಿಯನ್ನು ಮಾತ್ರ ಮೆಚ್ಚಬೇಕು. ಹೊಸದು ಹಳೆಯದರ ವೇಷ ಹಾಕಿಲ್ಲ. ತಾನು ಹೊಸದೆಂದು ಮರೆಮಾಚದೆ ಹಿಂದೆ ಸರಿದು ನಿಂತಿದೆ. ನಮ್ಮ ಅನೇಕ ಐತಿಹಾಸಿಕ ಕಾದಂಬರಿಕಾರರು ಈ ಒಂದು ವಿವೇಕವನ್ನು ಇಲ್ಲಿಂದ ಕಲಿಯಬಹುದು.

ಇನ್ನು ಚಿತ್ರಗಳು. ಸಂಗ್ರಹ ದೊಡ್ಡದು, ಗೋಡೆ ಸಣ್ಣದು. ಆದುದರಿಂದ ಚಿತ್ರಗಳನ್ನು ಕಾಲಕಾಲಕ್ಕೆ ಬದಲಾಯಿಸುತ್ತಾರೆ. ಆದರೂ ಕಥೆಯ ಎಳೆ ಒಂದೇ. ರಾಜಾ ರವಿವರ್ಮನಿಂದ ಹೊರಟು, ಅವನೀಂದ್ರನಾಥರ ಬಂಗಾಳಿ ಪಂಥವನ್ನು ಹಾದು, ನಂದಲಾಲ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್ ಗಿಲ್ ಮುಂತಾದವರನ್ನು ಕಂಡು, ಸ್ವಾತಂತ್ರ್ಯಾನಂತರದ ಮುಂಬಯಿಯವರ ಕಡೆಗೆ ಬಂದು, ಕೊನೆಗೆ ಆಕಾರವನ್ನೇ ತೊರೆದ ಪಟಗಳ ಮುಂದೆ ಈ ಕಥೆ ನಿಲ್ಲುತ್ತದೆ.

ರವಿವರ್ಮ (1848–1906) ನಮಗೆ ಪರಕೀಯನಲ್ಲ. 1894ರಲ್ಲಿ ಅವನು ಮುಂಬಯಿಯಲ್ಲಿ ತೆರೆದ ಅಚ್ಚುಕೂಟದಿಂದ ಹೊರಟ ಲಕ್ಷ್ಮಿ ಸರಸ್ವತಿಯರು ಮುಂಬಯಿ ಕರ್ನಾಟಕದ ಮನೆಮನೆಯ ದೇವರ ಕೋಣೆಯನ್ನು ಸೇರಿದರು. ನಮ್ಮ ಕಡೆ ಅವು ಚಿತ್ರಗಳೇ ಅಲ್ಲ, “ದೇವರ ಫೋಟೋ”. ಕ್ಯಾಮೆರಾ ಹಿಡಿದು ಯಾರೋ ಲಕ್ಷ್ಮಿಯನ್ನು ಕಂಡು ಬಂದಂತೆ! ನಮ್ಮ ಕಣ್ಣು ತಿದ್ದಿಸಿಕೊಂಡುದು ಈ ಶಾಲೆಯಲ್ಲಿ. ಚಿತ್ರವೆಂದರೆ ಕಂಡದ್ದು ಕಂಡಂತೆ ಇರಬೇಕು, ನಯವಾಗಿರಬೇಕು, ಪುರಾಣದ ಒಂದು ಸಂದರ್ಭವನ್ನು ಹೇಳಬೇಕು ಎಂಬ ಮೂರು ನಿರೀಕ್ಷೆಗಳನ್ನು ಅದು ನಮಗೆ ಕಲಿಸಿತು. ರವಿವರ್ಮನ ಮೂಲ ತೈಲಚಿತ್ರದ ಮುಂದೆ ನಿಂತಾಗ ತಿಳಿಯುತ್ತದೆ, ಅಚ್ಚಿನಲ್ಲಿ ಅವನಿಗೆ ಎಷ್ಟು ಅನ್ಯಾಯವಾಗಿದೆಯೆಂದು. ಸೀರೆಯ ನೆರಿಗೆಯ ಮೇಲೆ ಬೆಳಕು ಜಾರುವ ಬಗೆ ಯಾವ ಕ್ಯಾಲೆಂಡರಿನಲ್ಲಿಯೂ ಇಲ್ಲ.

ಆ ಮೂರು ನಿರೀಕ್ಷೆಗಳನ್ನು ಒಂದೇ ಏಟಿಗೆ ಮುರಿದವಳು ಶೇರ್ ಗಿಲ್ (1913–1941). ಬುಡಾಪೆಸ್ಟಿನಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಕಲಿತವಳು ಅಜಂತೆಯನ್ನು ಕಂಡು, ದಕ್ಷಿಣದಲ್ಲಿ ತಿರುಗಾಡಿ, 1937ರಲ್ಲಿ “ಮದುಮಗಳ ಶೃಂಗಾರ”, “ಬ್ರಹ್ಮಚಾರಿಗಳು”, “ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರು” ಎಂಬ ಮೂರು ಚಿತ್ರಗಳನ್ನು ಬರೆದಳು. ಅಲ್ಲಿಯ ಜನ ನಮ್ಮನ್ನು ನೋಡುವುದಿಲ್ಲ, ನಗುವುದಿಲ್ಲ, ಯಾವ ಕಥೆಯನ್ನೂ ಹೇಳುವುದಿಲ್ಲ. ಮೈಬಣ್ಣ ಮಣ್ಣಿನದು, ಬಟ್ಟೆಯ ಬಿಳುಪು ಮಾತ್ರ ಕಣ್ಣಿಗೆ ಇರಿಯುತ್ತದೆ. ನವ್ಯವೆಂಬ ಮಾತು ಕನ್ನಡ ಕಾವ್ಯದಲ್ಲಿ ಇನ್ನೂ ಕಾಲೂರದಿದ್ದ ಕಾಲದಲ್ಲಿ, ಭಾವುಕತೆಯನ್ನು ಹೀಗೆ ಒರಸಿಹಾಕಿದುದು ಸಣ್ಣ ಸಾಹಸವಲ್ಲ. ಅಡಿಗರ ಕವಿತೆಯನ್ನು ತರಗತಿಯಲ್ಲಿ ಪಾಠ ಹೇಳುವ ನಾವು ಅದೇ ಮನೋಧರ್ಮದ ಚಿತ್ರವೊಂದನ್ನು ಹುಡುಗರಿಗೆ ತೋರಿಸುವುದೇ ಇಲ್ಲ. ಬರಿಯ ಶಬ್ದದಲ್ಲಿ ನವ್ಯತೆಯನ್ನು ತಿಳಿಸಲು ಹೆಣಗುತ್ತೇವೆ.

ಕವಿಯೊಬ್ಬನು ಚಿತ್ರಗಾರನಾದ ಬಗೆ ಸಾಹಿತ್ಯದವರಿಗೆ ಇನ್ನೂ ಸಮೀಪದ್ದು. ರವೀಂದ್ರನಾಥರು ಹಸ್ತಪ್ರತಿಯಲ್ಲಿ ಬೇಡವಾದ ಶಬ್ದಗಳನ್ನು ಹೊಡೆದುಹಾಕುತ್ತ, ಆ ಕಾಟುಗಳನ್ನೇ ಒಂದಕ್ಕೊಂದು ಜೋಡಿಸುತ್ತ ಹೋದರು. ಹಕ್ಕಿಯಲ್ಲದ ಹಕ್ಕಿ, ಮುಖವಲ್ಲದ ಮುಖ ಮೂಡಿದುವು. 1930ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಪ್ಯಾರಿಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಮಾತು ಬೇಡವೆಂದು ಬಿಟ್ಟ ಸ್ಥಳದಲ್ಲಿ ಹುಟ್ಟಿದ ಈ ಆಕಾರಗಳಿಗೆ ನಾವು ಮತ್ತೆ “ಅರ್ಥವೇನು?” ಎಂದು ಕೇಳುವುದು ಎಷ್ಟು ಸರಿ?

ಕನ್ನಡಿಗನ ದೃಷ್ಟಿಯಿಂದ ಒಂದು ಆಕ್ಷೇಪವನ್ನು ಇಲ್ಲಿ ಹೇಳಲೇಬೇಕು. ಈ ಸಂಗ್ರಹಾಲಯ ಹೇಳುವ ಕಥೆಯ ಹೆದ್ದಾರಿ ಕಲಕತ್ತೆ, ಮುಂಬಯಿ, ದಿಲ್ಲಿಗಳ ಮೇಲೆ ಹಾಯುತ್ತದೆ. ನಮ್ಮವರು ಬರುವುದಿಲ್ಲವೆಂದಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು (1911–1996) ಈ ಹೆದ್ದಾರಿಯಲ್ಲಿ ನಡೆದವರೇ. ರೇಖೆಯ ಲಯ ಕೈಗೆ ಹತ್ತಲೆಂದು ಕಥಕ್ ಕಲಿತವರು. ಅವರ ಒಂದೆಳೆಯ ರೇಖೆಯಲ್ಲಿ ಆ ಕುಣಿತ ಕಾಣುತ್ತದೆ. ಆದರೆ ಕೆ. ವೆಂಕಟಪ್ಪನವರ (1886–1965) ಸಂಗತಿಯೇನು? ಅವನೀಂದ್ರನಾಥರ ಬಳಿ ನಂದಲಾಲರ ಜೊತೆಯಲ್ಲಿಯೇ ಕಲಿತವರು, ವೀಣೆಯನ್ನೂ ಕುಂಚವನ್ನೂ ಒಂದೇ ನಿಷ್ಠೆಯಿಂದ ಹಿಡಿದವರು, ಉದಕಮಂಡಲದ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟವರು ಅವರು. ಅವರಿಗಾಗಿ ಅದೇ ಊರಿನ ಕಬ್ಬನ್ ಉದ್ಯಾನದಂಚಿನಲ್ಲಿ ರಾಜ್ಯ ಸರಕಾರ ಬೇರೆ ಕಟ್ಟಡವನ್ನೇ ಕಟ್ಟಿಸಿತು. ಗೌರವವೇ ಸರಿ. ಆದರೆ ಒಂದೇ ಗುರುವಿನ ಇಬ್ಬರು ಶಿಷ್ಯರ ಕೃತಿಗಳು ಹೀಗೆ ಎರಡು ಸರಕಾರಗಳ ಎರಡು ಕಟ್ಟಡಗಳಲ್ಲಿ ಹಂಚಿಹೋದರೆ, ನೋಡುವ ಹುಡುಗನಿಗೆ ಅವರ ಸಂಬಂಧ ಹೊಳೆಯುವುದು ಹೇಗೆ? ಒಂದು ಕಡೆ “ಭಾರತ”, ಇನ್ನೊಂದು ಕಡೆ “ಕರ್ನಾಟಕ” ಎಂದು ಅವನು ತಿಳಿದರೆ ತಪ್ಪು ಅವನದಲ್ಲ. ವರ್ಷಕ್ಕೊಮ್ಮೆಯಾದರೂ ಇಬ್ಬರನ್ನೂ ಒಂದೇ ಗೋಡೆಯ ಮೇಲೆ ತರುವುದು ಆಗದ ಕೆಲಸವೇನೂ ಅಲ್ಲ.

ಮೊದಲಿನ ಪ್ರಶ್ನೆಗೆ ಬರುತ್ತೇನೆ. ಕನ್ನಡಕ್ಕೆ ಚಿತ್ರದ ಮಾತುಗಳೇ ಇಲ್ಲವೆ? ಪಂಡಿತರು ಕೂಡಲೇ ಷಡಂಗಗಳನ್ನು ಎಣಿಸಿಯಾರು. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನ, ಸಾದೃಶ್ಯ, ವರ್ಣಿಕಾಭಂಗ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ “ಮಾನಸೋಲ್ಲಾಸ”ದಲ್ಲಿ ಗೋಡೆಗೆ ಲೇಪ ಬಳಿಯುವುದರಿಂದ ಕುಂಚ ಕಟ್ಟುವವರೆಗೆ ವಿಧಿಗಳಿವೆ. ನಮ್ಮ ಪಕ್ಕದ ಬಾದಾಮಿಯಲ್ಲಿ ಕ್ರಿ. ಶ. 578ರ ಮೂರನೆಯ ಗುಹೆಯ ಚಾವಣಿಯಂಚಿನಲ್ಲಿ ವರ್ಣಚಿತ್ರದ ಅವಶೇಷ ಇಂದಿಗೂ ಇದೆ. ನಮ್ಮ ಕಾಲದಲ್ಲಿ ಶಿವರಾಮ ಕಾರಂತರು 1930ರಷ್ಟು ಹಿಂದೆಯೇ “ಭಾರತೀಯ ಚಿತ್ರಕಲೆ”ಯನ್ನು ಬರೆದರು. ಎಲ್ಲವೂ ನಿಜ. ಆದರೆ ಷಡಂಗಗಳನ್ನು ಬಾಯಿಪಾಠ ಮಾಡಿದವನು ಆಕಾರವಿಲ್ಲದ ಪಟದ ಮುಂದೆ ಸಾದೃಶ್ಯವನ್ನು ಎಲ್ಲಿ ಹುಡುಕಬೇಕು?

ನನ್ನ ಜೊತೆ ಬಂದಿದ್ದ ವಿದ್ಯಾರ್ಥಿಗಳಲ್ಲಿ ಬನಹಟ್ಟಿಯ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ಕೆಂಪು, ಕಪ್ಪು, ಕೊಂಚ ಹಳದಿ, ಇಷ್ಟೇ ಇದ್ದ ದೊಡ್ಡ ಪಟದ ಮುಂದೆ ಉಳಿದವರು ಹೆಸರಿನ ಚೀಟಿಯ ಕಡೆಗೆ ಬಾಗಿದರು. “ಸರ, ಇದ್ರಾಗ ಏನೈತ್ರಿ?” ಎಂದು ಒಬ್ಬ ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಆ ಹುಡುಗಿ ಹೇಳಿದಳು: “ಏನಿರಬೇಕೋ? ಬಣ್ಣ ಬಡದಾಡಾಕತ್ತಾವ ನೋಡು. ಆ ಹಳದಿ ಒಂದೆಳಿ ಇರಲಿಲ್ಲಂದ್ರ ಕೆಂಪು ಇಷ್ಟು ಏಳತಿರಲಿಲ್ಲ.” ಮಗ್ಗದ ಮುಂದೆ ದಿನವೂ ಆಡುವ ಮಾತು ಅದು. ಅಂಚಿಗೂ ಒಡಲಿಗೂ ಹೊಂದಿಕೆಯಾಗದಿದ್ದರೆ, ಸೆರಗಿನ ಬಣ್ಣ ಸತ್ತರೆ, ಎಳೆ ಎದ್ದು ಕಂಡರೆ ಹೇಳುವ ಮಾತುಗಳು ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಬೇಕಾದಷ್ಟಿವೆ. ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿಯ ಅರ್ಥವೇನೆಂದು ನಮ್ಮಲ್ಲಿ ಯಾರೂ ಕೇಳಿದುದಿಲ್ಲ. ಆದರೆ ಯಾವ ಕೌದಿ ಚಂದ, ಯಾವುದು ಬರಿಯ ತೇಪೆ ಎಂಬುದನ್ನು ಯಾವ ಅಜ್ಜಿಯಾದರೂ ಒಂದು ನೋಟಕ್ಕೆ ಹೇಳಿಯಾಳು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ನಾಡಿನಲ್ಲಿ ಬಣ್ಣದ ಮಾತಿಗೆ ಬಡತನವೆಲ್ಲಿಯದು? ಮಾತು ಮಗ್ಗದಲ್ಲಿದೆ, ಕೌದಿಯಲ್ಲಿದೆ, ರಂಗೋಲಿಯಲ್ಲಿದೆ. ಕಾಲೇಜಿನಲ್ಲಿ ಮಾತ್ರ ಇಲ್ಲ.

ಇಷ್ಟರಿಂದ ನವ್ಯಚಿತ್ರವೆಲ್ಲ ಕೌದಿಯೆಂದು ನಾನು ಹೇಳಿದೆನೆಂದು ಭಾವಿಸಬಾರದು. ಕೌದಿಗೆ ಹೊದೆಯುವ ಉಪಯೋಗವಿದೆ. ಅದನ್ನು ಹೊಲಿದವಳು ತನ್ನ ಸಂಕಟವನ್ನು ಅದರಲ್ಲಿ ತೋಡಿಕೊಳ್ಳುತ್ತೇನೆಂದು ಕೂಡಲಿಲ್ಲ. ಚಿತ್ರಗಾರ ಬೇರೆ ಏನನ್ನೋ ಪಣಕ್ಕಿಟ್ಟಿರುತ್ತಾನೆ, ಅದು ಎಲ್ಲ ಸಲವೂ ಗೆಲ್ಲುವುದೂ ಇಲ್ಲ. ಕೊನೆಯ ಕೋಣೆಗಳಲ್ಲಿ ಬರಿಯ ಗಾತ್ರದಿಂದ ಬೆದರಿಸುವ ಪಟಗಳೂ ಕಂಡುವು. ಅವನ್ನು ಬರಡು ಎನ್ನುವುದಕ್ಕೂ ಮಾತು ಬೇಕಲ್ಲವೆ? “ತಿಳಿಯಲಿಲ್ಲ” ಎಂದು ಕೈ ಮುಗಿದು ಹೊರಬಂದರೆ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಮರ್ಯಾದೆ ಮಾಡಿದಂತಾಯಿತು.

ಹೆಸರಿನ ಚೀಟಿಗಳ ವಿಚಾರವಾಗಿ ಒಂದು ಮಾತು. ಹೆಸರಿಲ್ಲದ ಚಿತ್ರಕ್ಕೆ ನಮ್ಮ ವಿದ್ವಾಂಸರು “ಶೀರ್ಷಿಕೆರಹಿತ” ಎಂಬ ಶಬ್ದವನ್ನು ಟಂಕಿಸಿದ್ದಾರೆ. ಸರಕಾರಿ ಗೆಜೆಟ್ಟಿಗೆ ಅದು ಒಪ್ಪೀತು. “ಹೆಸರಿಟ್ಟಿಲ್ಲ” ಎಂದರೆ ಸಾಲದೆ? ನಮ್ಮ ಕಡೆ “ಹೆಸರಿಡು” ಎಂದರೆ ತಪ್ಪು ಹುಡುಕು ಎಂಬ ಅರ್ಥವೂ ಇದೆ, ಚಿತ್ರಗಾರರು ಬೇಸರಪಡಲಿಕ್ಕಿಲ್ಲ.

ಸಂಗ್ರಹಾಲಯಕ್ಕೆ ಸೋಮವಾರ ರಜೆ. ಹೋಗುವವರು ಬೆಳಗಿನಲ್ಲಿಯೇ ಹೋಗಬೇಕು. ಎಲ್ಲವನ್ನೂ ನೋಡುತ್ತೇನೆಂಬ ಹಟ ಬಿಟ್ಟು ನಾಲ್ಕೈದು ಚಿತ್ರಗಳ ಮುಂದೆ ಕುಳಿತರೆ ಸಾಕು. ನಡುವೆ ತೋಟಕ್ಕೆ ಬಂದು ಕಣ್ಣಿಗೆ ಹಸುರಿನ ವಿರಾಮ ಕೊಟ್ಟು ಮತ್ತೆ ಒಳಗೆ ಹೋಗಬಹುದು. ಒಳಗೆ ಮಾತಾಡಬಾರದೆಂದು ಯಾರೂ ಹೇಳಿಲ್ಲ.