ಮಾಲ್ಗುಡಿಯ ಸ್ಮಿತ: ಒಂದು ದೃಶ್ಯಮಾಲೆಯ ಸಣ್ಣಕಥೆಗಳನ್ನು ಕುರಿತ ವಿಚಾರ

ದೂರದರ್ಶನದ ಹಾಸ್ಯಮಾಲೆಯೊಂದು ವಿಮರ್ಶೆಗೆ ಯೋಗ್ಯವಾದ ವಸ್ತುವೇ ಎಂದು ಸಂಶಯಪಡುವವರುಂಟು. ವಾರಕ್ಕೊಮ್ಮೆ ಕಾಣಿಸಿಕೊಂಡು ಮರೆಯಾಗುತ್ತಿದ್ದುದನ್ನು ಕುರಿತು ಕೇವಲ ನೆನಪಿನ ಬಲದಿಂದ ಮಾತನಾಡಬೇಕಾಗಿದ್ದ ಕಾಲದಲ್ಲಿ ಆ ಸಂಶಯಕ್ಕೆ ಕಾರಣವೂ ಇದ್ದಿತು. ಆದರೆ ಪ್ರಸಾರವಾದುದು ಡಿವಿಡಿಯ ರೂಪದಲ್ಲಿ ಮನೆಗೆ ಬಂದು, ಬೇಕಾದಾಗ ತೆರೆದು, ಬೇಕಾದಲ್ಲಿ ನಿಲ್ಲಿಸಿ, ಮತ್ತೆ ನೋಡಲು ಸಾಧ್ಯವಾದ ಮೇಲೆ ಅದು ಗ್ರಂಥದ ಸ್ಥಿತಿಯನ್ನು ಪಡೆಯುತ್ತದೆ. ಗ್ರಂಥಕ್ಕೆ ಪಾಠವುಂಟು, ಪಾಠಾಂತರವುಂಟು, ಗುಣದೋಷ ವಿಚಾರವುಂಟು. ಈ ದೃಷ್ಟಿಯಿಂದ ‘ಮಾಲ್ಗುಡಿ ಡೇಸ್’ ಮಾಲೆಯನ್ನು, ಅದರಲ್ಲಿಯೂ ಸ್ವಾಮಿಯ ಕಥೆಯನ್ನು ಬಿಟ್ಟು ಉಳಿದ ಸಣ್ಣಕಥೆಗಳ ಕಂತುಗಳನ್ನು, ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಇತಿಹಾಸವನ್ನು ಸಂಗ್ರಹವಾಗಿ ಹೇಳಬಹುದು. ಆರ್. ಕೆ. ನಾರಾಯಣರ (1906–2001) ಕಥೆಗಳನ್ನು ಆಧರಿಸಿದ ಈ ಮಾಲೆಯನ್ನು ಟಿ. ಎಸ್. ನರಸಿಂಹನ್ ಅವರು ನಿರ್ಮಿಸಿದರು. ಶಂಕರ್ ನಾಗ್ ನಿರ್ದೇಶಿಸಿದರು. 1986ರಿಂದ ಅದು ದೂರದರ್ಶನದಲ್ಲಿ ಪ್ರಸಾರವಾಯಿತು. ಸಂಗೀತ ಎಲ್. ವೈದ್ಯನಾಥನ್ ಅವರದು; ಶೀರ್ಷಿಕೆಯ ರೇಖಾಚಿತ್ರಗಳು ಲೇಖಕರ ಸೋದರ ಆರ್. ಕೆ. ಲಕ್ಷ್ಮಣರವು. ಶಂಕರ್ ನಾಗ್ 1990ರಲ್ಲಿ ಅಕಾಲಮರಣಕ್ಕೀಡಾದರು. ಬಹುಕಾಲದ ಮೇಲೆ ಕವಿತಾ ಲಂಕೇಶರ ನಿರ್ದೇಶನದಲ್ಲಿ ಸಿದ್ಧವಾದ ಹೊಸ ಕಂತುಗಳು 2006ರಲ್ಲಿ ಪ್ರಸಾರವಾದವು.

ಜನರ ನೆನಪಿನಲ್ಲಿ ಈ ಮಾಲೆಯೆಂದರೆ ಬಹುಮಟ್ಟಿಗೆ ಸ್ವಾಮಿಯೇ. ಮಾಸ್ಟರ್ ಮಂಜುನಾಥ್ ಸ್ವಾಮಿಯಾಗಿ, ಗಿರೀಶ್ ಕಾರ್ನಾಡರು ತಂದೆಯಾಗಿ, ವೈಶಾಲಿ ಕಾಸರವಳ್ಳಿಯವರು ತಾಯಿಯಾಗಿ ನಟಿಸಿದ ಆ ಭಾಗಕ್ಕೆ ದೊರೆತ ಪ್ರೀತಿ ಅರ್ಹವಾದುದೇ. ಆದರೆ ಆ ಪ್ರೀತಿಯ ನೆರಳಿನಲ್ಲಿ ಸಣ್ಣಕಥೆಗಳು ಮರೆಯಾಗಿವೆ. ನಮ್ಮ ಅಭಿಪ್ರಾಯದಲ್ಲಿ ನಾರಾಯಣರ ಹಾಸ್ಯದ ಸ್ವರೂಪ ಹೆಚ್ಚು ನಿಚ್ಚಳವಾಗಿ ತೋರುವುದು ಈ ಕಥೆಗಳಲ್ಲಿಯೇ.

ಸನ್ನಿವೇಶಹಾಸ್ಯವೆಂಬ ಪ್ರಕಾರಕ್ಕೆ ಒಂದು ನಿಯಮವುಂಟು. ಅಲ್ಲಿ ಪಾತ್ರಗಳು ಅವೇ, ಮನೆ ಅದೇ. ಕಂತಿನ ಆರಂಭದಲ್ಲಿ ಒಂದು ತೊಡಕು ಹುಟ್ಟುತ್ತದೆ. ಕೊನೆಯಲ್ಲಿ ಎಲ್ಲವೂ ಮೊದಲಿನಂತೆಯೇ ಆಗುತ್ತದೆ. ಅಮೆರಿಕದಲ್ಲಿ 1951ರಲ್ಲಿ ತೊಡಗಿದ ‘ಐ ಲವ್ ಲೂಸಿ’ ಮೊದಲುಗೊಂಡು, 1984ರ ಹಿಂದಿಯ ‘ಯೇ ಜೋ ಹೈ ಜಿಂದಗಿ’, ಅನಂತರ ಕನ್ನಡದ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಗಳವರೆಗೆ ಈ ನಿಯಮ ನಡೆದು ಬಂದಿದೆ. ಪ್ರೇಕ್ಷಕನಿಗೆ ಇದರಿಂದ ದೊರೆಯುವುದು ಒಂದು ಬಗೆಯ ಅಭಯ: ಇಂದು ಏನೇ ಆಗಲಿ, ನಾಳೆ ಇವರು ಹೀಗೆಯೇ ಇರುವರು ಎಂಬುದು.

ಮಾಲ್ಗುಡಿಯ ಸಣ್ಣಕಥೆಗಳಲ್ಲಿ ಈ ಅಭಯವಿಲ್ಲ. ಅಂಚೆಯಾಳು ತಾನಪ್ಪ ಒಂದು ಕಂತಿಗೆ ಬಂದು ಹೋಗುವವನು. ಈಶ್ವರನ್ ಹಿಂದಿರುಗುವುದೇ ಇಲ್ಲ. ಹಾಗಾದರೆ ಮರಳಿ ಮರಳಿ ಬರುವುದು ಯಾವುದು? ಊರು. ಇಲ್ಲಿ ಸನ್ನಿವೇಶವೆಂದರೆ ಊರೇ, ನಾಯಕನೂ ಊರೇ. ವಾರಕ್ಕೊಂದರಂತೆ ನೋಡಿದಾಗ ಬಿಡಿಬಿಡಿಯಾಗಿ ತೋರಿದ ಈ ಕಥೆಗಳನ್ನು ಮನೆಯಲ್ಲಿ ಒಂದರ ಹಿಂದೊಂದು ನೋಡಿದಾಗ ಈ ಸಂಗತಿ ಸ್ಪಷ್ಟವಾಗುತ್ತದೆ. ಒಂದು ಕಂತಿನಲ್ಲಿ ಕಂಡ ನಟನ ಮುಖ ಇನ್ನೊಂದರಲ್ಲಿ ಬೇರೆ ವೇಷದಲ್ಲಿ ಎದುರಾದಾಗ, ಒಂದೇ ನಾಟಕ ಮಂಡಳಿ ಇಡೀ ಊರಿನ ಬದುಕನ್ನು ಹೊತ್ತಿರುವಂತೆ ಭಾಸವಾಗುತ್ತದೆ. ಇದು ಕೊರತೆಯಲ್ಲ; ಸಣ್ಣ ಊರಿನಲ್ಲಿ ಮುಖಗಳು ಪರಿಚಿತವಾಗಿರುವುದೇ ಸಹಜ.

ಈ ಊರಿನ ನಗೆ ಎಂತಹುದು? ಭರತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿದ್ದಾನೆ. ಧ್ವನಿಮುದ್ರಿತ ನಗುವನ್ನು ಬೆರೆಸಿ ಪ್ರೇಕ್ಷಕನನ್ನು ನಗಿಸಲೆಳಸುವ ಹಾಸ್ಯಮಾಲೆಗಳ ಒಲವು ಕೊನೆಯ ಎರಡರ ಕಡೆಗೆ. ಮಾಲ್ಗುಡಿಯ ಕಂತುಗಳಲ್ಲಿ ಅಂತಹ ಎರವಲು ನಗುವಿಲ್ಲ. ಅವು ಸ್ಮಿತವನ್ನು ಬಿಟ್ಟು ದೂರ ಹೋಗುವುದು ಅಪರೂಪ.

ನಾಲ್ಕು ನಿದರ್ಶನಗಳನ್ನು ನೋಡೋಣ. ರಸ್ತೆ ಒತ್ತುವ ಎಂಜಿನ್ನೊಂದನ್ನು ಬಹುಮಾನವಾಗಿ ಗೆದ್ದವನ ಕಥೆಯಲ್ಲಿ ನಗೆ ಬಯಲಾಗಿದೆ. ಅದನ್ನು ಇಡಲು ಜಾಗವಿಲ್ಲ. ನಿಲ್ಲಿಸಿದ್ದಕ್ಕೆ ಪುರಸಭೆ ಬಾಡಿಗೆ ಕೇಳುತ್ತದೆ. ಎಳೆಯಲು ದೇವಸ್ಥಾನದ ಆನೆ ಬರಬೇಕಾಗುತ್ತದೆ. ನೆರೆಮನೆಯ ಗೋಡೆ ಬೀಳುತ್ತದೆ. ಕಡೆಗೆ ಭೂಕಂಪವಾಗಿ ಎಂಜಿನ್ನು ಹಾಳುಬಾವಿಯೊಂದನ್ನು ಸೇರಿದಾಗ, ಆ ಬಾವಿಯನ್ನು ಮುಚ್ಚಿಸಬೇಕಾಗಿದ್ದ ಒಡೆಯನೇ ಕೃತಜ್ಞನಾಗುತ್ತಾನೆ. ಸನ್ನಿವೇಶಹಾಸ್ಯದ ನಿಯಮಕ್ಕೆ ಅತ್ಯಂತ ಹತ್ತಿರವಾದ ಕಥೆಯಿದು. ಮೊದಲಿನ ಸ್ಥಿತಿ ಪೂರ್ಣವಾಗಿ ಮರಳುತ್ತದೆ.

ತಾನಪ್ಪನ ಕಥೆ ಹೀಗಲ್ಲ. ಮದುವೆಯ ಮುಹೂರ್ತ ತಪ್ಪಬಾರದೆಂದು ಅವನು ಮರಣವಾರ್ತೆಯನ್ನು ತಡೆದಿಟ್ಟು, ಶುಭಕಾರ್ಯ ಮುಗಿದ ಮೇಲೆ ತಂದುಕೊಡುತ್ತಾನೆ. ಕರ್ತವ್ಯಲೋಪವೂ ಸ್ನೇಹವೂ ಇಲ್ಲಿ ಒಂದೇ ಕೃತ್ಯದಲ್ಲಿ ಸೇರಿವೆ. ರಾಮಾನುಜಂ ದೂರು ಕೊಡುವುದಿಲ್ಲ; ಆದರೆ ನೀನು ಹೀಗೆ ಮಾಡಬಾರದಿತ್ತು ಎಂಬ ನೋವನ್ನು ಮರೆಮಾಡುವುದೂ ಇಲ್ಲ. ಎಲ್ಲವೂ ಮೊದಲಿನಂತೆ ಆಯಿತು ಎನ್ನುವಂತಿಲ್ಲ. ಆಗಲಿಲ್ಲ ಎನ್ನುವಂತೆಯೂ ಇಲ್ಲ.

ವಿಷ್ಣುವರ್ಧನ್ ನಟಿಸಿದ ‘ತಿಂಗಳಿಗೆ ನಲವತ್ತೈದು ರೂಪಾಯಿ’ ಕಥೆಯ ವೆಂಕಟರಾವ್ ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುವೆನೆಂದು ಮಾತು ಕೊಟ್ಟವನು. ಕಚೇರಿ ಬಿಡಗೊಡದಾಗ ರಾಜೀನಾಮೆಗೆ ಸಿದ್ಧನಾಗುತ್ತಾನೆ. ಅಷ್ಟರಲ್ಲಿ ಐದು ರೂಪಾಯಿಯ ಬಡ್ತಿ ಬರುತ್ತದೆ. ರಾಜೀನಾಮೆಯ ಸಂಕಲ್ಪ ಕರಗುತ್ತದೆ. ಅವನು ಮನೆ ಸೇರುವ ಹೊತ್ತಿಗೆ ಹುಡುಗಿ ನಿದ್ದೆಹೋಗಿರುತ್ತಾಳೆ. ಮೊದಲಿನ ಸ್ಥಿತಿಗೆ ಮರಳುವುದೆಂಬ ನಿಯಮ ಇಲ್ಲಿಯೂ ನೆರವೇರಿದೆ. ಆದರೆ ಮರಳಿದ್ದೇ ದುಃಖಕ್ಕೆ ಕಾರಣ. ಹಾಸ್ಯದ ಚೌಕಟ್ಟನ್ನೇ ಬಳಸಿ ಕರುಣವನ್ನು ಸಾಧಿಸಿದ ಇಂತಹ ರಚನೆ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕುದು.

ಈಶ್ವರನ್ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ವರ್ಷವರ್ಷವೂ ನಪಾಸಾಗಿ ಊರಿನ ನಗೆಗೆ ಗುರಿಯಾದವನು. ಸೋಲನ್ನು ನಿಶ್ಚಯಿಸಿಕೊಂಡವನಿಗೆ ಗೆಲುವು ಎದುರಾದಾಗ ಬುದ್ಧಿ ತಡೆದುಕೊಳ್ಳಲಾರದೆ ಹೋಗುತ್ತದೆ. ಸರಯೂ ನದಿಯಲ್ಲಿ ಅವನ ಕಥೆ ಮುಗಿಯುತ್ತದೆ. ನಗುತ್ತಿದ್ದವರು ಯಾರು, ಆ ನಗೆಯ ಬೆಲೆ ಎಷ್ಟು ಎಂದು ಪ್ರೇಕ್ಷಕನು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಮನೆಯ ವೀಕ್ಷಣೆಯಿಂದ ಒದಗುವ ನಷ್ಟವೂ ಇಲ್ಲಿಯೇ ಇದೆ. ಪ್ರಸಾರದ ಕಾಲದಲ್ಲಿ ಈಶ್ವರನ್ನನ ಸಾವಿಗೂ ಮುಂದಿನ ಕಥೆಗೂ ನಡುವೆ ಕೆಲವು ದಿನಗಳ ಮೌನವಿರುತ್ತಿತ್ತು. ಈಗ ಕೆಲವೇ ಕ್ಷಣಗಳಲ್ಲಿ ವೈದ್ಯನಾಥನ್ನರ ಲವಲವಿಕೆಯ ರಾಗ ಮತ್ತೆ ಮೊದಲಾಗುತ್ತದೆ. ಸ್ಮಿತದ ಹಿಂದಿನ ಕರುಣ ಮನಸ್ಸಿನಲ್ಲಿ ಇಳಿಯುವ ಮುನ್ನವೇ ಇನ್ನೊಂದು ಕಥೆ ಅದನ್ನು ಒರೆಸಿಬಿಡುತ್ತದೆ. ಊರಿನ ಅಖಂಡತೆಯನ್ನು ತೋರಿಸಿದ ಸಾಧನವೇ ಕಥೆಯ ಪ್ರತ್ಯೇಕತೆಯನ್ನು ಅಳಿಸುತ್ತದೆ. ತರಗತಿಯಲ್ಲಿ ತೋರಿಸುವವರು ಒಂದು ಅವಧಿಗೆ ಒಂದೇ ಕಂತನ್ನು ತೋರಿಸಿ ನಿಲ್ಲಿಸುವುದು ಉಚಿತ.

ಇನ್ನು ಎರಡು ಆಕ್ಷೇಪಗಳನ್ನು ಪರಿಶೀಲಿಸಬೇಕು. ಮೊದಲನೆಯದು ಸ್ಥಳದ್ದು. ಚಿತ್ರೀಕರಣ ಬಹುಮಟ್ಟಿಗೆ ನಡೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ನಾರಾಯಣರು ಮಹಾರಾಜಾ ಕಾಲೇಜಿನಲ್ಲಿ ಓದಿ, ಮೈಸೂರಿನಲ್ಲಿ ಬಹುಕಾಲ ಬಾಳಿದವರು. ಅವರ ಮಾಲ್ಗುಡಿ ಕಲ್ಪಿತ ನಗರವೇ ಆದರೂ, ಮಾರ್ಕೆಟ್ ರಸ್ತೆ, ಲಾಲಿ ಬಡಾವಣೆ, ಪುರಸಭೆ, ಕಾಲೇಜುಗಳುಳ್ಳ ಬಯಲಿನ ಊರು. ಮೆಂಪಿ ಕಾಡು ಅದರಾಚೆಗಿನದು. ಇಂತಹ ನೆಲವನ್ನು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಓದುಗರು ವಿವರಣೆಯಿಲ್ಲದೆ ಗುರುತಿಸಬಲ್ಲರು: ಒಂದು ಕಡೆ ಹೊಲಗಳ ಬಯಲು, ಲಕ್ಷ್ಮಣತೀರ್ಥದಂತಹ ನದಿ, ಇನ್ನೊಂದು ಕಡೆ ನಾಗರಹೊಳೆಯ ಕಾಡು. ಆಗುಂಬೆಯ ಮಳೆ, ಹೆಂಚಿನ ಮನೆ, ದಟ್ಟ ಹಸುರುಗಳಲ್ಲಿ ಬಯಲಿನ ಪೇಟೆಯ ಗದ್ದಲ ಕುಗ್ಗಿ, ಮಾಲ್ಗುಡಿ ಹಳ್ಳಿಯ ಕಡೆಗೆ ವಾಲಿದೆ. ಅರಸಾಳು ರೈಲುನಿಲ್ದಾಣದಲ್ಲಿ ಈಗ ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವೇ ಇರುವುದರಿಂದ, ದೃಶ್ಯದ ಊರು ಅಕ್ಷರದ ಊರನ್ನು ಎಷ್ಟರಮಟ್ಟಿಗೆ ಹಿಂದಿಕ್ಕಿದೆ ಎಂಬುದನ್ನು ಊಹಿಸಬಹುದು. 2006ರ ಕಂತುಗಳ ಕಷ್ಟವೂ ಇದೇ: ಮೊದಲಿನವರು ಊರೊಂದನ್ನು ಕಟ್ಟಬೇಕಾಗಿತ್ತು, ಅನಂತರದವರು ಜನರ ಮನಸ್ಸಿನಲ್ಲಿ ಆಗಲೇ ನೆಲೆನಿಂತ ಊರನ್ನು ಹೋಲಬೇಕಾಗಿತ್ತು. ಎರಡನೆಯದರಲ್ಲಿ ಸ್ವಾತಂತ್ರ್ಯ ಕಡಿಮೆ.

ಎರಡನೆಯ ಆಕ್ಷೇಪ ಭಾಷೆಯದು. ಇಂಗ್ಲಿಷಿನಲ್ಲಿ ಬರೆದ ಕಥೆ, ಕನ್ನಡ ನಾಡಿನ ನೆಲ, ಬಹುಪಾಲು ಕನ್ನಡದ ನಟರು, ಅವರಾಡುವುದು ಹಿಂದಿ. ಕೆಲವು ಕಂತುಗಳು ಇಂಗ್ಲಿಷಿನಲ್ಲಿಯೂ ಸಿದ್ಧವಾದವು. ಸ್ವಾಮಿಯ ಕಂತುಗಳನ್ನು ಸಂಕಲಿಸಿ ‘ಸ್ವಾಮಿ’ ಎಂಬ ಚಲನಚಿತ್ರವನ್ನೂ ಮಾಡಲಾಯಿತು. ಇವನ್ನು ಪಾಠಾಂತರಗಳೆಂದೇ ಭಾವಿಸಬೇಕು. ನಾರಾಯಣರ ಸ್ಮಿತವಿರುವುದು ಅವರ ವಾಕ್ಯದ ತಗ್ಗಿದ ದನಿಯಲ್ಲಿ. ಹಿಂದಿಯ ಸಂಭಾಷಣೆ ಅದನ್ನು ಹೊರಲಾರದೆಡೆ ನಟರ ಮುಖ, ನಡಿಗೆ, ತಡೆತಡೆದು ಆಡುವ ಮಾತು ಹೊತ್ತಿವೆ. ಪರಭಾಷೆಯನ್ನು ತುಸು ಎಚ್ಚರದಿಂದ ಆಡುವ ಕನ್ನಡ ನಟನ ಸಂಕೋಚವು ಗುಮಾಸ್ತ, ಅಂಚೆಯಾಳುಗಳ ಸಂಕೋಚದೊಡನೆ ಕೂಡಿಕೊಂಡಿರುವುದು ಯೋಜಿತವೋ ಆಕಸ್ಮಿಕವೋ, ಪರಿಣಾಮ ಮಾತ್ರ ಸಾರ್ಥಕವಾಗಿದೆ. ಆದರೂ ತಾನಪ್ಪನು ರಾಮಾನುಜಂನೊಡನೆ ಕನ್ನಡದಲ್ಲಿ ಹೇಗೆ ಮಾತನಾಡುತ್ತಿದ್ದನು ಎಂಬ ಪ್ರಶ್ನೆ ನಮ್ಮ ವಿದ್ಯಾರ್ಥಿಗೆ ಉಳಿಯುತ್ತದೆ, ಉಳಿಯಬೇಕು. ಮೂಲಕಥೆಯನ್ನು ಓದಿ, ಕಂತನ್ನು ನೋಡಿ, ಅದೇ ಸಂಭಾಷಣೆಯನ್ನು ತನ್ನ ಊರಿನ ಮಾತಿನಲ್ಲಿ ಬರೆದು ನೋಡುವುದು ಅವನಿಗೆ ಒಳ್ಳೆಯ ಅಭ್ಯಾಸವಾದೀತು.

ಒಟ್ಟಿನಲ್ಲಿ, ಸ್ವಾಮಿಯ ಕಂತುಗಳು ನಮಗೆ ಬಾಲ್ಯವನ್ನು ಮರಳಿ ಕೊಡುತ್ತವೆ. ಸಣ್ಣಕಥೆಗಳು ಅದಕ್ಕಿಂತ ಕಠಿನವಾದ ಕೆಲಸವನ್ನು ಮಾಡುತ್ತವೆ. ಮನುಷ್ಯರು ಬಂದು ಹೋಗುವ, ಊರು ಮಾತ್ರ ಉಳಿಯುವ ಸಂಗತಿಯನ್ನು ಅವು ದನಿಯೇರಿಸದೆ ಹೇಳುತ್ತವೆ. ಈ ಕಂತುಗಳ ಭಾಷಾಪಾಠ, ಅವಧಿ, ಪಾತ್ರವರ್ಗಗಳನ್ನು ಹಸ್ತಪ್ರತಿಗಳ ವಿವರಣಾತ್ಮಕ ಸೂಚಿಯಂತೆ ಕ್ರಮಬದ್ಧವಾಗಿ ದಾಖಲಿಸುವ ಕೆಲಸವನ್ನು ನಮ್ಮ ವಿಭಾಗಗಳು ಕೈಗೊಳ್ಳಬಹುದು. ತಟ್ಟೆಗಳೂ ಓಲೆಗರಿಗಳಂತೆಯೇ ಹಾಳಾಗುವ ವಸ್ತುಗಳು.