‘ತೊಟ್ಟಿಲ ಸಾವು’: ಒಂದು ಶಬ್ದವಿಮರ್ಶೆ

ಯಾವುದೊಂದು ವಸ್ತುವಿಗೆ ಹೆಸರಿಡುವುದು ಸುಲಭ. ಲಕ್ಷಣ ಹೇಳುವುದು ಕಷ್ಟ. ಹೇಳಬೇಕಾದುದೆಲ್ಲವನ್ನೂ ಒಳಗೊಳ್ಳದಿರುವುದು ಅವ್ಯಾಪ್ತಿ. ಹೇಳಬಾರದುದನ್ನೂ ಒಳಗೊಳ್ಳುವುದು ಅತಿವ್ಯಾಪ್ತಿ. ಲಕ್ಷ್ಯದಲ್ಲಿ ಎಲ್ಲಿಯೂ ಕಾಣದಿರುವುದು ಅಸಂಭವ. ಈ ಮೂರು ದೋಷಗಳೂ ಇಲ್ಲದುದೇ ಲಕ್ಷಣವೆಂದು ತಾರ್ಕಿಕರು ವಿಧಿಸಿರುವರಷ್ಟೆ. ಈ ಒರೆಗಲ್ಲಿಗೆ ಹಚ್ಚಿ ನೋಡತಕ್ಕ ಪದಗಳಲ್ಲಿ ಇಂಗ್ಲೀಷಿನ ‘ಕಾಟ್ ಡೆತ್’ ಎಂಬುದೊಂದು. ಹಾಲುಂಡು ಸುಖವಾಗಿ ಮಲಗಿದ ಕೂಸು ಬೆಳಗಾಗುವುದರೊಳಗೆ ಪ್ರಾಣ ಬಿಟ್ಟಿರುತ್ತದೆ. ದೇಹವನ್ನು ಕೂಲಂಕಷವಾಗಿ ಪರೀಕ್ಷಿಸಿದರೂ ಕಾರಣ ದೊರೆಯುವುದಿಲ್ಲ. ವರ್ಷದೊಳಗಿನ ಶಿಶುಗಳಿಗೆ, ಅದರಲ್ಲಿಯೂ ಹೆಚ್ಚಾಗಿ ಎರಡರಿಂದ ನಾಲ್ಕು ತಿಂಗಳ ಶಿಶುಗಳಿಗೆ, ಒದಗುವ ಇಂತಹ ಮರಣಕ್ಕೆ ಆ ಹೆಸರು. ಇದರ ವಿಚಾರವು ಪಂಡಿತರ ವಿನೋದವಲ್ಲ. ಹೆಸರು ಬದಲಾದಂತೆಲ್ಲ ತಾಯಿಯ ಮೇಲಣ ಅಪವಾದವೂ ಬದಲಾಗಿದೆ.

ಮೊದಲು ಆ ನಾಡಿನಲ್ಲಿ ಇಂತಹ ಮರಣವನ್ನು ‘ಓವರ್‌ಲೇಯಿಂಗ್’ ಎನ್ನುತ್ತಿದ್ದರು; ಎಂದರೆ, ಮಗ್ಗುಲಲ್ಲಿ ಮಲಗಿದವಳ ಮೈಕೆಳಗೆ ಸಿಕ್ಕಿ ಕೂಸು ಸತ್ತಿತು ಎಂದು. ಬೈಬಲ್ಲಿನಲ್ಲಿ ಸೊಲೊಮೋನ್ ರಾಜನ ಮುಂದೆ ಬಂದ ಇಬ್ಬರು ಸ್ತ್ರೀಯರ ವ್ಯಾಜ್ಯವೂ ಇಂತಹ ಮರಣದಿಂದಲೇ ಹುಟ್ಟಿದುದು. ಈ ಪದವು ಕಾರಣವನ್ನೂ ಅಪರಾಧಿಯನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ವಿಚಾರಣೆಗೆ ಮುಂಚೆಯೇ ತೀರ್ಪು!

1954ರಲ್ಲಿ ಬ್ಯಾರೆಟ್ ಎಂಬ ಆಂಗ್ಲ ವೈದ್ಯನು ‘ಕಾಟ್ ಡೆತ್’ ಎಂಬ ಪದವನ್ನು ಬಳಕೆಗೆ ತಂದನು. ಇದು ವ್ಯಕ್ತಿಯನ್ನು ಬಿಟ್ಟು ಸ್ಥಳವನ್ನು ಹೆಸರಿಸಿತು. ಅದು ಇದರ ಗುಣ. ಆದರೆ ಇಂತಹ ಮರಣವು ತಾಯಿಯ ಹಾಸಿಗೆಯಲ್ಲಿಯೂ ತೋಳಿನಲ್ಲಿಯೂ ಆಗುವುದುಂಟಾದ್ದರಿಂದ ಪದಕ್ಕೆ ಅವ್ಯಾಪ್ತಿ. ತೊಟ್ಟಿಲಲ್ಲಿ ಬೇರೆ ರೋಗಗಳಿಂದಲೂ ಶಿಶುಗಳು ಸಾಯುವುದರಿಂದ ಅತಿವ್ಯಾಪ್ತಿ.

1969ರಲ್ಲಿ ಅಮೆರಿಕದ ವಾಷಿಂಗ್ಟನ್ ಪ್ರಾಂತದಲ್ಲಿ ಸೇರಿದ ವೈದ್ಯಸಮ್ಮೇಲನದಲ್ಲಿ ಬೆಕ್‌ವಿತ್ ಎಂಬ ವೈದ್ಯನ ಸೂಚನೆಯಂತೆ ‘ಸಡನ್ ಇನ್ಫಂಟ್ ಡೆತ್ ಸಿಂಡ್ರೋಮ್’ ಎಂಬ ಹೆಸರು ನಿಂತಿತು. ಸಿಂಡ್ರೋಮ್ ಎಂದರೆ ಒಟ್ಟಾಗಿ ಕಾಣಬರುವ ರೋಗಚಿಹ್ನೆಗಳ ಸಮೂಹ. ಇಲ್ಲಿಯೋ ಮುನ್ಸೂಚನೆಯಾಗಿ ಯಾವ ಚಿಹ್ನೆಯೂ ಇಲ್ಲ. ಚಿಹ್ನೆ ಇಲ್ಲದಿರುವುದೇ ಚಿಹ್ನೆ! ಶಬ್ದಾರ್ಥವನ್ನು ಹಿಡಿದರೆ ಅಸಂಭವದೋಷ ತಪ್ಪದು. ಆದರೂ ಅದಕ್ಕೆ ಕೊಟ್ಟ ಲಕ್ಷಣವು ಪ್ರಾಮಾಣಿಕವಾದುದು. ಅದು ಪರಿಶೇಷನ್ಯಾಯದ ಮೇಲೆ ನಿಂತಿದೆ. ಸಂಭಾವ್ಯವಾದ ಕಾರಣಗಳನ್ನೆಲ್ಲ ಹುಡುಕಿ ಒಂದೊಂದಾಗಿ ನಿರಾಕರಿಸಿದ ಮೇಲೆ ಉಳಿಯುವುದೇ ಇದು. 1991ರಲ್ಲಿ ಪ್ರಕಟವಾದ ಅಮೆರಿಕದ ತಜ್ಞರ ಲಕ್ಷಣವು ಶವಪರೀಕ್ಷೆ, ಮರಣಸ್ಥಳದ ಪರಿಶೀಲನೆ, ಶಿಶುವಿನ ಪೂರ್ವವೃತ್ತಾಂತದ ವಿಚಾರಣೆ ಈ ಮೂರನ್ನೂ ಕಡ್ಡಾಯ ಮಾಡಿತು. ಆದಕಾರಣ ಈ ಮೂರೂ ನಡೆಯದೆಡೆಯಲ್ಲಿ ಈ ಪದವನ್ನು ಬಳಸಲು ಅಧಿಕಾರವೇ ಇಲ್ಲವೆಂದು ತಿಳಿಯಬೇಕು.

ಇಷ್ಟಾದರೂ ಒಂದು ಅಪಾಯ ಉಳಿದಿದೆ. ಕೂಸು ಏತರಿಂದ ಸತ್ತಿತೆಂದರೆ ‘ಸಿಂಡ್ರೋಮಿನಿಂದ’ ಎನ್ನುವುದು. ಸಿಂಡ್ರೋಮ್ ಎಂದರೇನೆಂದರೆ ‘ಕಾರಣ ತಿಳಿಯದೆ ಸತ್ತುದು’ ಎನ್ನುವುದು. ಇದು ಆತ್ಮಾಶ್ರಯವಲ್ಲದೆ ಮತ್ತೇನು? ಅಜ್ಞಾನಕ್ಕಿಟ್ಟ ಹೆಸರನ್ನೇ ಜ್ಞಾನವೆಂದು ಬಗೆದರೆ ಅನರ್ಥವಾಗುವುದು. ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಎಂಬಾಕೆಯ ಇಬ್ಬರು ಗಂಡುಕೂಸುಗಳು ಒಂದಾದ ಮೇಲೊಂದು ತೀರಿಕೊಂಡುವು. ಒಂದೇ ಮನೆಯಲ್ಲಿ ಎರಡು ಬಾರಿ ಹೀಗಾಗುವುದು 7 ಕೋಟಿ 30 ಲಕ್ಷಕ್ಕೊಂದು ಎಂದು ವೈದ್ಯತಜ್ಞನೊಬ್ಬನು ಸಾಕ್ಷ್ಯ ನುಡಿದನು. 1999ರಲ್ಲಿ ಆಕೆಗೆ ಕೊಲೆಯ ಶಿಕ್ಷೆಯಾಯಿತು. ಕಾರಣವೇ ತಿಳಿಯದೆಂದು ಒಪ್ಪಿದವನು ಆ ಎರಡು ಮರಣಗಳ ಕಾರಣಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ಹೇಗೆ ಬಲ್ಲನು? ಆ ಸಂಬಂಧವಿಲ್ಲವೆಂದು ಭಾವಿಸಿಯೇ ಲೆಕ್ಕವನ್ನು ಗುಣಿಸಲಾಗಿತ್ತು. 2003ರಲ್ಲಿ ಮೇಲಣ ನ್ಯಾಯಾಲಯವು ಶಿಕ್ಷೆಯನ್ನು ರದ್ದುಮಾಡಿತು. ಶಿಶುವೊಂದರ ದೇಹದಲ್ಲಿ ರೋಗಾಣುಗಳಿದ್ದುದನ್ನು ತೋರಿಸುವ ಪರೀಕ್ಷೆಯ ಫಲವು ಮೊದಲ ವಿಚಾರಣೆಯಲ್ಲಿ ಹೊರಬಂದಿರಲಿಲ್ಲ. ನಾಲ್ಕು ವರ್ಷಗಳಲ್ಲಿ, 2007ರಲ್ಲಿ, ಆ ತಾಯಿ ತೀರಿಕೊಂಡಳು.

ಕಾರಣ ತಿಳಿಯದಿದ್ದರೂ ನಿವಾರಣೋಪಾಯ ಇಲ್ಲದಿಲ್ಲ. ಶಿಶುವನ್ನು ಬೋರಲು ಮಲಗಿಸದೆ ಅಂಗಾತ ಮಲಗಿಸಬೇಕೆಂಬ ಪ್ರಚಾರವು 1991ರಲ್ಲಿ ಇಂಗ್ಲೆಂಡಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ನಡೆದು, ಈ ಮರಣಗಳು ಬಹಳವಾಗಿ ಇಳಿದುವು. ಅಮೆರಿಕದಲ್ಲಿ 1990ರಲ್ಲಿ ಲಕ್ಷ ಜನನಗಳಿಗೆ ಸುಮಾರು 130 ಇದ್ದುದು 2020ರ ಹೊತ್ತಿಗೆ 40ರ ಆಸುಪಾಸಿಗೆ ಬಂದಿತ್ತು. ಆದರೆ ಈ ಇಳಿತದಲ್ಲಿ ಸ್ವಲ್ಪ ಪಾಲು ಹೆಸರಿನದೇ: ಮೊದಲು ಸಿಂಡ್ರೋಮೆಂದು ಬರೆಯುತ್ತಿದ್ದ ಕೆಲವು ಮರಣಗಳನ್ನು ಅನಂತರ ‘ಹಾಸಿಗೆಯಲ್ಲಿ ಉಸಿರುಕಟ್ಟಿ’ ಎಂದೋ ‘ಕಾರಣ ಗೊತ್ತಿಲ್ಲ’ ಎಂದೋ ಬರೆಯತೊಡಗಿದರು. ಪದವು ಕದಲಿದರೆ ಅಂಕಿಯೂ ಕದಲುವುದೆಂಬುದಕ್ಕೆ ಇದೇ ನಿದರ್ಶನ.

ಇನ್ನು ಕನ್ನಡದ ಮಾತು. ‘ತೊಟ್ಟಿಲ ಸಾವು’ ಎಂದು ಅಕ್ಷರಶಃ ತಂದರೆ ಮೂಲಪದದ ಎರಡು ದೋಷಗಳೂ ಬರುವುವಲ್ಲದೆ, ಹೆಸರಿಡುವ ದಿನ ಮುತ್ತೈದೆಯರು ಹಾಡಿ ತೂಗುವ ತೊಟ್ಟಿಲಿನ ಮೇಲೆ ನಿಷ್ಕಾರಣವಾದ ಕಳಂಕವೂ ಬರುವುದು. ‘ಬಾಲಗ್ರಹ’ವೆನ್ನೋಣವೆ? ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಹೇಳಿದ ಒಂಬತ್ತು ಗ್ರಹಗಳಿಗೂ ಒಂದೊಂದಕ್ಕೆ ಬೇರೆಬೇರೆ ಚಿಹ್ನೆಗಳುಂಟು, ಚಿಕಿತ್ಸೆಯುಂಟು. ಇಲ್ಲಿ ಎರಡೂ ಇಲ್ಲ. ಮೇಲಾಗಿ ಅದು ಕಾರಣವನ್ನು ಕಂಡಂತೆಯೇ ನುಡಿಯುವ ಪದ. ಬರಿಯ ‘ಶಿಶುಮರಣ’ವೆಂದರೆ ಸಮಸ್ತ ಶಿಶುಗಳ ಮರಣವೂ ಅದರಲ್ಲಿ ಸೇರಿಹೋಗುವುದು. ‘ಕಾರಣ ತಿಳಿಯದ ಹಠಾತ್ ಶಿಶುಮರಣ’ ಎಂಬುದು ಉದ್ದವಾದರೂ ನಿರ್ದುಷ್ಟವಾಗಿದೆ. ತಿಳಿಯದೆಂಬುದನ್ನು ಮುಚ್ಚದೆ ಹೇಳುವುದೇ ಅದರ ಗುಣ.

ಕೂಸನ್ನು ಕಳೆದುಕೊಂಡ ಮನೆಗೆ ಹೋಗುವವರು ‘ಮಗ್ಗುಲಾದೆಯೇನೋ’, ‘ದೃಷ್ಟಿ ತಗುಲಿತೇನೋ’ ಎಂದು ನುಡಿಯುವುದುಂಟು. ಅವುಗಳಿಗಿಂತ ‘ಕಾರಣ ತಿಳಿಯದು’ ಎಂಬ ಮಾತು ಸತ್ಯಕ್ಕೂ ದಯೆಗೂ ಹತ್ತಿರವಾದುದು. ವೈದ್ಯರ ಕಾಗದದಲ್ಲಿಯೂ ನೆರೆಯವರ ಬಾಯಲ್ಲಿಯೂ ಅದೇ ನೆಲೆಗೊಳ್ಳುವುದು ಉಚಿತ.